ಕೋಚ್ ಪಕ್ಕ ಕೂತಿದ್ದವನು

ಬ್ರೀಡನ್, ಇಂಡಿಯಾನಾ
ಮೇ 9, 1985

ಲೋವೆಲ್,

ಲಕ್ವ ಹೊಡೆದ ಕೈ ಹೇಗಿದೆ? ಜಾಯ್ಸ್ ಜೊತೆ ಫೋನಲ್ಲಿ ಮಾತಾಡಿದೆ. ಅಪ್ಪ ಎಡಗೈಯಲ್ಲಿ ಬರೆಯೋದು ಕಲೀತಿದಾರೆ, ಮಾತು ಇನ್ನೂ ತೊದಲುತ್ತೆ, ಅದಕ್ಕೇ ಫೋನಿಗೆ ಬರಲ್ಲ ಅಂತಾರೆ ಅಂದ್ಲು. ಸರಿ ಬಿಡು, ಪತ್ರ ಬರೀತೀನಿ. ಗಿರಾಕಿ ಇಲ್ಲದಾಗ ಕಟಿಂಗ್ ಕುರ್ಚಿ ಮೇಲೆ ನಾನೇ ಕೂತು ಬರೆದರಾಯ್ತು. ಇತ್ತೀಚೆಗೆ ಆ ಕುರ್ಚಿ ಬಹಳ ಹೊತ್ತು ಖಾಲಿನೇ ಇರುತ್ತೆ.

ಕಾಲೇಜಿನವರು ಬಾಸ್ಕೆಟ್‌ಬಾಲ್ ಕೋಚ್ ಅಂತ ನಿನ್ನ ಜಾಗಕ್ಕೆ ಯಾರನ್ನ ತಂದು ಕೂರಿಸಿದಾರೆ ಅನ್ನೋದು ಅಲ್ಲಿಗೆ ಮುಟ್ಟಿದೆಯೋ ಇಲ್ವೋ. ವೇಡ್ ಕೆಸ್ಲರ್. ಹೌದು, ಅದೇ ವೇಡ್. ಎರಡು ವರ್ಷ ಬೆಂಚಲ್ಲಿ ನಿನ್ನ ಪಕ್ಕ ಸಹಾಯಕ ಅಂತ ಕೂತು ಫೌಲು ಎಣಿಸ್ತಾ ಟವೆಲ್ ಮಡಚ್ತಾ ಇದ್ದನಲ್ಲ, ಅವನು. ವಯಸ್ಸು ಇಪ್ಪತ್ತೆಂಟು. ನಿನ್ನ ಕೈಕೆಳಗೆ ನಾಲ್ಕು ವರ್ಷ ಆಡಿದಾಗ ಒಟ್ಟು ಎಷ್ಟು ನಿಮಿಷ ಅಂಕಣಕ್ಕಿಳಿದಿದ್ದ ಅಂತ ಡಾಯ್ಲ್ ಹಳೇ ಪೇಪರ್ ತೆಗೆದು ಲೆಕ್ಕ ಹಾಕಿದ. ಹನ್ನೊಂದು ನಿಮಿಷ. ಕೋಚ್ ಅಂತ ಅವನು ಮಾಡಿರೋದು ಏಳನೇ ಕ್ಲಾಸಿನ ಹುಡುಗರಿಗೆ. ಅದೂ ಗಣಿತದ ಪೀರಿಯಡ್ ಮುಗಿದ ಮೇಲೆ.

ಸುದ್ದಿ ಬಂದ ದಿನ ಅಂಗಡಿಯಲ್ಲಿ ಏಳು ಜನ ಇದ್ರು. ಡಾಯ್ಲ್ ಹೇಳಿದ: 'ಇಪ್ಪತ್ತೊಂಬತ್ತು ವರ್ಷ ಲೋವೆಲ್ ಕಟ್ಟಿದ್ದನ್ನ ಟವೆಲ್ ಮಡಚೋನ ಕೈಗೆ ಕೊಟ್ರಲ್ಲಯ್ಯ.' ಟ್ರ್ಯಾಕ್ಟರ್ ಮಾರೋನು ಅವನು, ಗಂಟಲು ದೊಡ್ಡದು, ನಿಂಗೆ ಗೊತ್ತಲ್ಲ. ಆದ್ರೆ ಅವತ್ತು ಮೆಲ್ಲಗೆ ಹೇಳಿದ. ಅದು ಕೇಳಿ ನಂಗೆ ಹೆದರಿಕೆ ಆಯ್ತು.

ನಗಬೇಡ ಲೋವೆಲ್. ಈ ಊರಲ್ಲಿ ಇನ್ನೇನು ಉಳಿದಿದೆ ಹೇಳು. ಪೀಠೋಪಕರಣದ ಫ್ಯಾಕ್ಟರಿ ಮುಚ್ಚಿ ಎರಡು ವರ್ಷ ಆಯ್ತು. ಮೇನ್ ಸ್ಟ್ರೀಟಲ್ಲಿ ಮೂರು ಅಂಗಡಿಗೊಂದರ ಕಿಟಕಿಗೆ ಹಲಗೆ ಹೊಡೆದಿದಾರೆ. ಹೆಂಡತಿ ಫರ್ನ್ ತೀರ್ಕೊಂಡ ಮೇಲೆ ನಂಗೂ ಅಷ್ಟೇ. ನವೆಂಬರಿಂದ ಫೆಬ್ರವರಿವರೆಗೆ ಶನಿವಾರದ ಪಂದ್ಯ ಅನ್ನೋದೊಂದು ಇದೆ, ಮಿಕ್ಕಿದ್ದೆಲ್ಲ ಶನಿವಾರಕ್ಕೆ ಕಾಯೋ ದಿನಗಳು. ಮಾರ್ಚಲ್ಲಿ ನೀನು ಚಾಂಪಿಯನ್‌ಶಿಪ್ ಗೆದ್ದಾಗ ನಿನ್ನನ್ನ ಹೊತ್ತವರಲ್ಲಿ ಎಡಗಾಲು ಹಿಡಿದಿದ್ದೋನು ನಾನು. ಆ ಹೆಗಲಿನ್ನೂ ನೋಯುತ್ತೆ. ನೋಯಲಿ ಅಂತಾನೇ ಬಿಟ್ಟಿದೀನಿ.

ಯಾರೋ 'ದೊಡ್ಡವರು' ಶಿಫಾರಸು ಮಾಡಿದ್ರು ಅಂತ ಕಾಲೇಜಿನ ಅಧ್ಯಕ್ಷರು ಪೇಪರಿನವನ ಹತ್ರ ಅಂದರಂತೆ. ಆ ದೊಡ್ಡ ಕತ್ತೆ ಯಾವುದು ಅಂತ ನಿಂಗೆ ಗೊತ್ತಿದ್ರೆ ಬರಿ. ನೀನೊಂದು ಮಾತು ಬರೆದ್ರೆ ಸಾಕು, ಊರೇ ಕೇಳುತ್ತೆ.

ನಿನ್ನ
ಆರ್ವಲ್

*

ಲಾಸ್ ಕ್ರೂಸಸ್, ನ್ಯೂ ಮೆಕ್ಸಿಕೊ
ಮೇ 27, 1985

ಆರ್ವಲ್,

ಎಡಗೈ. ಅಕ್ಷರ ಕ್ಷಮಿಸು.

ಇಲ್ಲಿ ಬಿಸಿಲು. ಜಾಯ್ಸ್ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ವ್ಯಾಯಾಮ ಮಾಡಿಸುವ ಹೆಂಗಸು ನನ್ನ ಕೈಗೆ ಚೆಂಡು ಕೊಟ್ಟು ಹಿಸುಕು ಎನ್ನುತ್ತಾಳೆ. ಅದು ಟೆನಿಸ್ ಚೆಂಡು.

ವೇಡ್ ಬಗ್ಗೆ ಬರೆಯುವುದು ನನಗೆ ಕಷ್ಟ. ಅವನಿಗೆ ಸಮಯ ಕೊಡಿ. ಅಷ್ಟೇ ಕೇಳುವುದು.

ಲೋವೆಲ್

*

ಬ್ರೀಡನ್
ಡಿಸೆಂಬರ್ 2, 1985

ಲೋವೆಲ್,

ನಿನ್ನ ಪತ್ರ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದೆ. 'ಬರೆಯುವುದು ಕಷ್ಟ' ಅಂದಿದೀಯಲ್ಲ, ಎಲ್ಲರಿಗೂ ಅರ್ಥ ಆಯ್ತು. ನೀನು ಯಾವತ್ತೂ ಯಾರ ಬಗ್ಗೆನೂ ಕೆಟ್ಟ ಮಾತು ಬಾಯಿಬಿಟ್ಟು ಆಡಿದೋನಲ್ಲ. ಸಮಯ ಕೊಡಿ ಅಂದೆ, ಅದು ನಿನ್ನ ದೊಡ್ಡತನ. ಕೊಟ್ವಿ. ಜೂನಿಂದ ನವೆಂಬರವರೆಗೆ ಯಾರೂ ಅವನನ್ನ ಏನೂ ಅನ್ನಲಿಲ್ಲ. ಅಂದ್ರೆ ಅವನ ಮುಂದೆ ಅನ್ನಲಿಲ್ಲ.

ಈಗ ಐದು ಪಂದ್ಯ ಆಗಿದೆ. ಒಂದು ಗೆಲುವು, ನಾಲ್ಕು ಸೋಲು. ಮೂರು ಸೋಲು ನಮ್ಮ ಕಾಲೇಜಿನ ಆಟದ ಹಾಲಲ್ಲೇ. ಹಿಂದಿನ ವರ್ಷದ ಹುಡುಗರು ಮೂರು ಜನ ಪಾಸಾಗಿ ಹೋದ್ರು, ಆ ಎತ್ತರದ ಹುಡುಗನ ಕಣಕಾಲು ಮುರೀತು, ಅದೆಲ್ಲ ಒಪ್ಕೋತೀನಿ. ಆದ್ರೆ ಅವನು ನಿಲ್ಲೋ ರೀತಿ ನೋಡ್ಬೇಕು ನೀನು. ಕೂಗಲ್ಲ. ಕೋಟು ಬಿಸಾಕಲ್ಲ. ರೆಫರಿ ಹತ್ರ ಜಗಳ ಆಡಲ್ಲ. ಕೈಯಿಂದ ಬಾಯಿ ಮುಚ್ಕೊಂಡು, ಪಕ್ಕದಲ್ಲಿರೋನಿಗೆ ಏನೋ ಪಿಸುಗುಡ್ತಾನೆ. ಪಕ್ಕದಲ್ಲಿ ಯಾರೂ ಇಲ್ಲದಾಗಲೂ ಆ ಕೈ ಬಾಯಿ ಹತ್ರ ಹೋಗುತ್ತೆ. ಹಿಂದಿನ ಸಾಲಲ್ಲಿ ಕೂತ ಹುಡುಗರು ಅದನ್ನೇ ಅಣಕಿಸ್ತಾರೆ. ಶನಿವಾರ ಇಡೀ ಉತ್ತರದ ಕಡೆ ಗ್ಯಾಲರಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿತ್ತು. ನಂಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

ರೇಡಿಯೋದಲ್ಲಿ ಬಂದ ಎರಡು ಪಂದ್ಯ ಕ್ಯಾಸೆಟ್ಟಿಗೆ ಹಿಡಿದು ಕಳಿಸ್ತಿದೀನಿ. ನೀನೇ ಕೇಳಿ ಹೇಳು.

ಆರ್ವಲ್

*

ಲಾಸ್ ಕ್ರೂಸಸ್
ಡಿಸೆಂಬರ್ 17, 1985

ಆರ್ವಲ್,

ಕ್ಯಾಸೆಟ್ ಬಂತು. ಅರ್ಧಕ್ಕೆ ನಿಲ್ಲಿಸಿದೆ. ನನ್ನಿಂದ ಕೇಳಲಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ನಮ್ಮ ಹಾಲಿನಲ್ಲಿ ಇಂಥದ್ದು ನಾನು ಕೇಳಿರಲಿಲ್ಲ. ದಯವಿಟ್ಟು ಇನ್ನು ಕಳಿಸಬೇಡ.

ಕ್ರಿಸ್‌ಮಸ್ ಶುಭಾಶಯ.

ಲೋವೆಲ್

*

ಬ್ರೀಡನ್
ಜನವರಿ 16, 1986

ಲೋವೆಲ್,

ಬಹಳ ಇದೆ ಹೇಳೋಕೆ. ಕೂತ್ಕೊಂಡು ಓದು.

ಕ್ರಿಸ್‌ಮಸ್ ಮುಗಿದ ಮೇಲೂ ಸೋಲ್ತಾನೇ ಇದೀವಿ. ಹನ್ನೆರಡರಲ್ಲಿ ಮೂರೇ ಗೆಲುವು. ಹಾಲಲ್ಲಿ ಎರಡು ಸಾವಿರದ ಆರುನೂರು ಜನ ಕೂರೋ ಜಾಗದಲ್ಲಿ ಕಳೆದ ಬುಧವಾರ ಐನೂರು ಜನ ಇದ್ರು. ಅದರಲ್ಲಿ ಅರ್ಧ ಜನ ಬಂದಿದ್ದು ಕೂಗಾಡೋಕೆ. ಡಾಯ್ಲ್ ಒಂದು ಮನವಿ ಬರೆಸಿದಾನೆ: ಕೆಸ್ಲರ್‌ನ ತೆಗೀರಿ, ಅನುಭವ ಇರೋನ್ನ ತನ್ನಿ ಅಂತ. ಸಹಿ ಹಾಕೋ ಹಾಳೆಗಳನ್ನ ಅಂಗಡಿಯಲ್ಲಿ ಕನ್ನಡಿ ಪಕ್ಕ ಇಟ್ಟಿದೀನಿ. ಪೆನ್ನಿಗೆ ದಾರ ಕಟ್ಟಿದೀನಿ. ಸಾವಿರದ ನೂರು ಸಹಿ ಆಗಿದೆ. ಮೊದಲನೇದು ನಂದು.

ನಿನ್ನ ಪತ್ರವನ್ನೂ ಅಲ್ಲೇ ಅಂಟಿಸಿದೀನಿ. ನೀನು ಏನಂದ್ಕೋತೀಯೋ ಗೊತ್ತಿಲ್ಲ, ಆದ್ರೆ ಜನಕ್ಕೆ ಗೊತ್ತಾಗ್ಬೇಕಲ್ಲ. 'ನನ್ನಿಂದ ಕೇಳಲಾಗಲಿಲ್ಲ, ಇಂಥದ್ದು ನಾನು ಕೇಳಿರಲಿಲ್ಲ.' ನಿನ್ನ ಆ ಅಡ್ಡಾದಿಡ್ಡಿ ಅಕ್ಷರ ನೋಡಿ ಎಷ್ಟೋ ಜನ ಕಣ್ಣೊರೆಸಿಕೊಂಡ್ರು. ಹಾಕಲೋ ಬೇಡವೋ ಅಂತಿದ್ದವರೂ ಅದನ್ನ ಓದಿ ಸಹಿ ಹಾಕಿದ್ರು.

ಇನ್ನೊಂದು ವಿಷಯ. ಶನಿವಾರ ಬೆಳಿಗ್ಗೆ ವೇಡ್ ಅಂಗಡಿಗೆ ಬಂದ. ಕಟಿಂಗಿಗೆ. ನಿನ್ನ ಹುಡುಗರೆಲ್ಲ ನನ್ನ ಹತ್ರಾನೇ ತಲೆ ಕೊಟ್ಟವರಲ್ಲ, ಅವನೂ ಹದಿನೆಂಟನೇ ವಯಸ್ಸಿಂದ ಬರ್ತಾನೆ. ಬೆಂಚಲ್ಲಿ ಕೂತ. ಅವನ ಸರದಿ ಬಂದಾಗ ನಾನು ಅವನ ಹಿಂದಿನವನನ್ನ ಕರೆದೆ. ಅದಾದ ಮೇಲೆ ಬಂದವನನ್ನೂ ಕರೆದೆ. ಮುಕ್ಕಾಲು ಗಂಟೆ ಕೂತಿದ್ದ. ಪತ್ರಿಕೆ ಒಂದನ್ನ ಕೈಯಲ್ಲಿಟ್ಕೊಂಡು, ಒಂದು ಹಾಳೇನೂ ತಿರುವಲಿಲ್ಲ. ಆಗ ಡಾಯ್ಲ್ ಅಂದ: 'ಆರ್ವಲ್, ಕೋಚ್ ಬರೆದಿದ್ದು ಓದಯ್ಯ, ಕೇಳದೇ ಇರೋರೂ ಇದಾರೆ.' ನಾನು ಓದಿದೆ. ಗಟ್ಟಿಯಾಗೇ ಓದಿದೆ.

ಎದ್ದು ಹೋದ. ಹೋಗ್ತಾ ಬಾಗಿಲು ಕೂಡ ಮೆಲ್ಲಗೆ ಎಳ್ಕೊಂಡ. ಬೆನ್ನುಮೂಳೆ ಇಲ್ಲದೋನು ಅಂತ ಎಲ್ಲರೂ ಅಂದ್ರು.

ಫೆಬ್ರವರಿ 12ಕ್ಕೆ ಆಡಳಿತ ಮಂಡಳಿ ಸಭೆ ಇದೆ. ಅವತ್ತು ಮನವಿ ಕೊಡ್ತೀವಿ. ನೀನು ಎರಡು ಸಾಲು ಬರೆದು ಕಳಿಸಿದ್ರೆ ಅದರ ಮೇಲೇ ಇಟ್ಟು ಕೊಡ್ತೀವಿ.

ಆರ್ವಲ್

*

ಲಾಸ್ ಕ್ರೂಸಸ್
ಜನವರಿ 22, 1986

ಆರ್ವಲ್,

ನನ್ನ ಪತ್ರವನ್ನು ಗೋಡೆಯಿಂದ ತೆಗೆ.

ನೀನು ಓದಿದಾಗ ವೇಡ್ ಏನಂದ? ಏನೂ ಅನ್ನಲಿಲ್ಲವೇ? ಸರಿಯಾಗಿ ನೆನಪು ಮಾಡಿಕೊಂಡು ಬರೆ. ಒಂದು ಮಾತನ್ನೂ ಬಿಡಬೇಡ. ಕೂಡಲೇ ಬರೆ.

ಲೋವೆಲ್

*

ಬ್ರೀಡನ್
ಜನವರಿ 28, 1986

ಲೋವೆಲ್,

ಪತ್ರ ತೆಗೆದಿದೀನಿ. ಊರಲ್ಲೆಲ್ಲ ಓದಿ ಆಗಿದೆ, ಈಗ ತೆಗೆದ್ರೇನು, ಬಿಟ್ರೇನು. ಆದ್ರೂ ನಿನ್ನ ಸಿಟ್ಟು ಅರ್ಥ ಆಯ್ತು. ಕೇಳದೇ ಅಂಟಿಸಿದ್ದು ತಪ್ಪು.

ಅವನು ಅಂದಿದ್ದು ಎರಡೇ ಮಾತು. ನಾನು ಓದಿ ಮುಗಿಸಿದಾಗ ಎದ್ದು ನಿಂತ, ನನ್ನ ಹತ್ರ ಬಂದ, ಆ ಕಾಗದ ನೋಡಿದ. ಮುಟ್ಟಲಿಲ್ಲ. 'ಇದು ಕೋಚ್ ಕೈಯಕ್ಷರಾನಾ?' ಅಂದ. ಹೌದು, ಎಡಗೈ ಅಂದೆ. 'ಬರೆಯೋಷ್ಟು ಸುಧಾರಿಸಿದಾರಲ್ಲ, ಒಳ್ಳೇದಾಯ್ತು' ಅಂದ. ಅಷ್ಟೇ. ಆಮೇಲೆ ಹೋದ. ವ್ಯಂಗ್ಯ ಅಂತ ಡಾಯ್ಲ್ ಅಂದ. ನಂಗೂ ಹಾಗೇ ಅನ್ನಿಸ್ತು ಆಗ. ಈಗ ಬರೀತಾ ಇದ್ದರೆ ಅಷ್ಟು ಖಾತ್ರಿ ಇಲ್ಲ.

ನೀನು ಕೇಳಿದ್ದಕ್ಕೆ ಉಳಿದಿದ್ದನ್ನೂ ಹೇಳ್ತೀನಿ. ಕಳೆದ ವಾರ ಯಾರೋ ಅವನ ಮನೆ ಮುಂದಿನ ಹುಲ್ಲಲ್ಲಿ 'ಮನೆ ಮಾರಾಟಕ್ಕಿದೆ' ಅನ್ನೋ ಹಲಗೆ ಹನ್ನೆರಡು ನೆಟ್ಟಿದ್ರು. ಎಲ್ಲೆಲ್ಲಿಂದ ಕಿತ್ತು ತಂದಿದ್ರೋ. ಊರಲ್ಲಿ ಆ ಹಲಗೆಗೇನು ಬರ ಇಲ್ಲ. ಅವನ ಹೆಂಡತಿ ಮಾರ್ಲಾ ದಿನಸಿ ಅಂಗಡಿಯಲ್ಲಿ ಬಿಲ್ ಹಾಕ್ತಾಳಲ್ಲ, ಅವಳ ಸಾಲಲ್ಲಿ ಯಾರೂ ನಿಲ್ತಿಲ್ಲ. ಪಕ್ಕದ ಸಾಲು ಬ್ರೆಡ್ಡಿನ ಕಪಾಟಿನವರೆಗೂ ಬೆಳೆದಿರುತ್ತೆ, ಅವಳು ಖಾಲಿ ಕೈ ಕಟ್ಕೊಂಡು ನಿಂತಿರ್ತಾಳೆ. ನಾನು ಮೊನ್ನೆ ಹಾಲು ತರೋಕೆ ಹೋಗಿದ್ದೆ. ನಾನೂ ಪಕ್ಕದ ಸಾಲಲ್ಲೇ ನಿಂತೆ. ಅವಳು ನನ್ನ ಕಡೆ ನೋಡಿ ತಲೆ ಆಡಿಸಿದ್ಲು, ನಮಸ್ಕಾರ ಅನ್ನೋ ಥರ. ಆ ಹಾಲು ಇನ್ನೂ ಫ್ರಿಜ್ಜಲ್ಲೇ ಇದೆ, ಮುಚ್ಚಳ ತೆಗೆದಿಲ್ಲ.

ನೀನ್ಯಾಕೆ ಇಷ್ಟೆಲ್ಲ ಕೇಳ್ತಿದೀಯ ಲೋವೆಲ್? ಏನಿದೆ ಹೇಳು. ಸಭೆಗೆ ಹದಿನೈದೇ ದಿನ ಇರೋದು.

ಆರ್ವಲ್

*

ಲಾಸ್ ಕ್ರೂಸಸ್
ಫೆಬ್ರವರಿ 10, 1986

ಆರ್ವಲ್,

ಇದನ್ನು ಬರೆಯಲು ಆರು ದಿನ ಹಿಡಿಯಿತು. ಜಾಯ್ಸ್ ಬರೆದುಕೊಡುತ್ತೇನೆ ಎಂದಳು. ಬೇಡ ಎಂದೆ. ಫೋನು ಮಾಡು ಎಂದಳು. ಫೋನಿನಲ್ಲಿ ನನ್ನ ಬಾಯಿಂದ ಬರುವುದು ಮಾತಲ್ಲ, ಜೊಲ್ಲು. ಅದು ನಿನಗೆ ಕೇಳಿಸಬಾರದೆಂಬ ಜಂಬ ಇನ್ನೂ ಹೋಗಿಲ್ಲ. ಆ ಜಂಬದ ಕಥೆಯನ್ನೇ ಬರೆಯುತ್ತಿದ್ದೇನೆ.

ವೇಡ್‌ನ ಹೆಸರು ಹೇಳಿದ ಆ ದೊಡ್ಡ ಕತ್ತೆ ನಾನೇ. ಆಸ್ಪತ್ರೆಯ ಹಾಸಿಗೆಯಿಂದ ಜಾಯ್ಸ್ ಕೈಯಲ್ಲಿ ಅಧ್ಯಕ್ಷರಿಗೆ ಬರೆಸಿದೆ. ಯಾಕೆ ಅವನು ಎಂಬುದನ್ನು ಮಾತ್ರ ಬರೆಸಲಿಲ್ಲ.

1983ರ ಅಕ್ಟೋಬರ್‌ನಲ್ಲಿ, ಅಭ್ಯಾಸದ ಹೊತ್ತಿನಲ್ಲಿ, ನನ್ನ ತಲೆಯಲ್ಲಿ ಏನೋ ಆಯಿತು. ಬೀಳಲಿಲ್ಲ. ಆದರೆ ಎದುರಿಗೆ ನಿಂತ ಹುಡುಗನ ಹೆಸರು ಹೋಯಿತು. ಆಮೇಲೆ ಆಟದ ಪಟ್ಟುಗಳ ಹೆಸರು ಹೋದವು. ಅಂಕೆಗಳು ಹೋದವು. ಆಟದ ಮಧ್ಯೆ ಟೈಮ್‌ಔಟ್ ಕರೆದು ಹುಡುಗರು ಸುತ್ತ ನಿಂತಾಗ ಬಾಯಿ ತೆರೆದರೆ ಒಳಗೆ ಏನೂ ಇರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ನೀನು ಪ್ರತಿ ಹದಿನೈದು ದಿನಕ್ಕೆ ನನ್ನ ತಲೆ ಕೈಯಲ್ಲಿ ಹಿಡಿದು ಕಟಿಂಗ್ ಮಾಡುತ್ತಿದ್ದೆ, ಒಳಗೆ ಖಾಲಿಯಾಗುತ್ತಿದ್ದದ್ದು ನಿನಗೆ ತಿಳಿಯಲಿಲ್ಲ.

ವೇಡ್‌ಗೆ ತಿಳಿಯಿತು. ಪಕ್ಕದಲ್ಲೇ ಕೂತಿದ್ದನಲ್ಲ. ಮೂರನೆಯ ಪಂದ್ಯದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು, ಬೇರೆ ಕಡೆ ನೋಡುತ್ತ, ನಾನು ಹೇಳಬೇಕಾದ್ದನ್ನು ನನಗೆ ಹೇಳಿದ. ನಾನು ಅದನ್ನೇ ಕೂಗಿ ಹೇಳಿದೆ. ಗೆದ್ದೆವು. ಅಲ್ಲಿಂದ ಎರಡು ಸೀಸನ್ ಹಾಗೆಯೇ ನಡೆಯಿತು. ಯಾರನ್ನು ಇಳಿಸಬೇಕು, ಯಾರನ್ನು ಕರೆಯಬೇಕು, ಎಂಥ ಆಟ ಆಡಬೇಕು, ಎಲ್ಲ ಅವನದು. ಗಂಟಲು ನನ್ನದು. ಕೋಟು ಬಿಸಾಡಿದ್ದು ಮಾತ್ರ ನಾನೇ, ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕಳೆದ ಮಾರ್ಚಿನ ಚಾಂಪಿಯನ್‌ಶಿಪ್. ಹನ್ನೊಂದು ಸೆಕೆಂಡು ಉಳಿದಿತ್ತು, ಒಂದು ಪಾಯಿಂಟಿನಿಂದ ಹಿಂದಿದ್ದೆವು. ಆಗ ಬಿಳಿ ಬನಿಯನ್ ಹಾಕಿದವರು ನಮ್ಮವರೋ ಕೆಂಪು ಹಾಕಿದವರು ನಮ್ಮವರೋ ನನಗೆ ಗೊತ್ತಾಗಲಿಲ್ಲ, ಆರ್ವಲ್. ನಿಜ. ನನಗೆ ಅಳು ಬಂತು. ಕೋಚ್ ಭಾವುಕರಾದರು ಎಂದು ಪೇಪರಿನವರು ಬರೆದರು. ವೇಡ್ ನನ್ನ ಮೊಣಕೈ ಹಿಡಿದು, ಇಡೀ ಸೀಸನ್‌ನಲ್ಲಿ ಹತ್ತು ಬಾರಿಯೂ ಬುಟ್ಟಿಗೆ ಚೆಂಡೆಸೆಯದ ಹುಡುಗನ ಹೆಸರು ಹೇಳಿದ. ನಾನು ಕೂಗಿದೆ. ಆ ಹುಡುಗ ಎಸೆದ, ಬಿತ್ತು. ನೀವು ನನ್ನನ್ನು ಹೊತ್ತಿರಿ. ಮೇಲಿನಿಂದ ನನಗೆ ಕಾಣಿಸಿತು: ವೇಡ್ ಬೆಂಚಿನ ಕೆಳಗೆ ಬಿದ್ದ ಟವೆಲುಗಳನ್ನು ಆಯುತ್ತಿದ್ದ.

ಯಾರಿಗೂ ಹೇಳಬೇಡ ಎಂದು ಅವನನ್ನು ಬೇಡಿಕೊಂಡಿದ್ದೆ. 'ನೀವಾಗಿ ಹೇಳೋವರೆಗೂ ನಾನು ಹೇಳಲ್ಲ ಕೋಚ್' ಎಂದಿದ್ದ. ನಾನು ಹೇಳಲೇ ಇಲ್ಲ. ಅವನು ಗೆಲ್ಲುತ್ತಾನೆ, ಆಗ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡೆ. ಕ್ಯಾಸೆಟ್ಟಿನಲ್ಲಿ ನನಗೆ ಕೇಳಲಾಗದೆ ಹೋದದ್ದು ಅವನ ಆಟವಲ್ಲ. ನಿಮ್ಮ ಕೂಗು.

ಅವನು ಯಾಕೆ ಸೋಲುತ್ತಿದ್ದಾನೆ ಎಂದು ಕೇಳುತ್ತೀಯ. ನಾನು ಖಾಲಿ ತಲೆಯಲ್ಲಿ ಗೆದ್ದೆ, ಯಾಕೆಂದರೆ ನಾನು ಹೇಳಿದ್ದನ್ನು ಹುಡುಗರು ಕಣ್ಣು ಮುಚ್ಚಿ ಮಾಡುತ್ತಿದ್ದರು. ನೀವೆಲ್ಲ ನನ್ನನ್ನು ನಂಬಿದ್ದಿರಿ, ಅದನ್ನು ನೋಡಿ ಅವರೂ ನಂಬಿದ್ದರು. ಅವನ ಮಾತು ಕೇಳುವ ಮುಂಚೆಯೇ ಹುಡುಗರಿಗೆ ನಿಮ್ಮ ನಗು ಕೇಳಿಸುತ್ತದೆ.

ಇದನ್ನು ಓದು. ಅಂಗಡಿಯಲ್ಲಿ ಓದು, ಮಂಡಳಿಯ ಮುಂದೆ ಓದು, ಎಲ್ಲಿ ಬೇಕೋ ಅಲ್ಲಿ ಓದು. 12ರ ಒಳಗೆ ಮುಟ್ಟಲಿ ಎಂದು ಜಾಯ್ಸ್ ಇವತ್ತೇ ಅವಸರದ ಅಂಚೆಗೆ ಹಾಕುತ್ತಾಳೆ.

ಲೋವೆಲ್

*

ಬ್ರೀಡನ್
ಫೆಬ್ರವರಿ 24, 1986

ಲೋವೆಲ್,

ನಿನ್ನ ಪತ್ರ 13ನೇ ತಾರೀಕು ಬೆಳಿಗ್ಗೆ ಬಂತು. ಸಭೆ 12ರ ಸಂಜೆ ಆಗಿತ್ತು. ಸಾವಿರದ ನಾನೂರು ಸಹಿ ಇರೋ ಕಟ್ಟನ್ನ ಡಾಯ್ಲ್ ಮೇಜಿನ ಮೇಲಿಟ್ಟಾಗ ನಾನು ಅವನ ಪಕ್ಕ ನಿಂತಿದ್ದೆ. ಹತ್ತು ನಿಮಿಷಾನೂ ಹಿಡೀಲಿಲ್ಲ. ಸೀಸನ್ ಮುಗಿಯೋವರೆಗೆ ಇರಲಿ, ಆಮೇಲೆ ಬೇಡ ಅಂತ ತೀರ್ಮಾನ ಆಯ್ತು. ಜನ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ.

ಒಂದು ದಿನ, ಲೋವೆಲ್. ನೀನು ಆರು ದಿನ ಬರೆದೆ. ಅದಕ್ಕೆ ಮುಂಚೆ ಒಂಬತ್ತು ತಿಂಗಳು ಸುಮ್ಮನಿದ್ದೆ. ನಿನ್ನ ಮೇಲೆ ಬಂದ ಸಿಟ್ಟನ್ನ ಇಲ್ಲಿ ಬರೆಯಲ್ಲ. ಸಿಟ್ಟು ಮಾಡ್ಕೊಳೋಕೆ ನಂಗೆಷ್ಟು ಹಕ್ಕಿದೆ ಅಂತ ಯೋಚಿಸಿದ್ರೆ ಅದೂ ನಿಲ್ಲಲ್ಲ. 'ಬರೆಯುವುದು ಕಷ್ಟ' ಅಂತ ನೀನು ಬರೆದೆ. ಅದಕ್ಕೆ ಅರ್ಥ ಹಚ್ಚಿದೋನು ನಾನು.

ಅವತ್ತೇ ಅಂಗಡಿಯಲ್ಲಿ ಓದಿದೆ. ಒಂಬತ್ತು ಜನ ಇದ್ರು. ಏನಾಯ್ತು ಗೊತ್ತಾ? ಯಾರೂ ನಂಬಲಿಲ್ಲ. ನಿನ್ನ ಎರಡು ಸಾಲಿಗೆ ಅತ್ತವರು, ಈ ನಾಲ್ಕು ಹಾಳೆ ಕೇಳಿ ಒಬ್ಬರ ಮುಖ ಒಬ್ಬರು ನೋಡಿದ್ರು. ಪಾಪ, ಕೋಚ್‌ಗೆ ತಲೆ ಪೂರ್ತಿ ಹೋಗಿದೆ ಅಂದ್ರು. ಜಾಯ್ಸ್ ಬರೆಸಿರಬೇಕು ಅಂತ ಒಬ್ಬ. ವೇಡ್ ಫೋನು ಮಾಡಿ ಅತ್ತಿರಬೇಕು, ಲೋವೆಲ್‌ದು ಮೊದಲಿಂದ ಮೆತ್ತನೆ ಮನಸ್ಸು ಅಂತ ಇನ್ನೊಬ್ಬ. ನಾನು ಸಹಿ ಹಾಳೆ ತೆಗೆದು ನನ್ನ ಹೆಸರು ಹೊಡೆದು ಹಾಕೋಣ ಅಂತ ನೋಡಿದೆ. ಅದು ಅಲ್ಲಿರಲಿಲ್ಲ, ಮಂಡಳಿಗೆ ಕೊಟ್ಟಾಗಿತ್ತು.

ಮೊನ್ನೆ ಶನಿವಾರ ನಮ್ಮ ಹಾಲಲ್ಲಿ ಕೊನೇ ಪಂದ್ಯ. ವೇಡ್ ಹೋಗ್ತಾನೆ ಅಂತ ಗೊತ್ತಾಗಿ ಜನ ತುಂಬಿದ್ರು, ಹಬ್ಬದ ಥರ. ಮಾರ್ಲಾ ಬೆಂಚಿನ ಹಿಂದೆ ಒಬ್ಬಳೇ ಕೂತಿದ್ಲು; ಅವಳ ಎರಡೂ ಕಡೆ ನಾಲ್ಕು ನಾಲ್ಕು ಸೀಟು ಖಾಲಿ. ಅರ್ಧ ಆಟ ಮುಗಿದಾಗ ನಾನು ಘೋಷಣೆ ಮಾಡೋನ ಹತ್ರ ಹೋಗಿ ಮೈಕು ಕೇಳಿದೆ. ನನ್ನ ಗಿರಾಕಿ, ಕೊಟ್ಟ. ಜೀವನದಲ್ಲಿ ಮೈಕು ಹಿಡಿದೋನಲ್ಲ ನಾನು. ಕೋಚ್ ಲೋವೆಲ್ ಪ್ರೂಯಿಟ್ ಬರೆದ ಪತ್ರ ಅಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ನಿನ್ನ ಹೆಸರಿಗೆ. ಓದೋಕೆ ಶುರು ಮಾಡಿದೆ.

ತಲೆ ಖಾಲಿ ಆಯ್ತು ಅನ್ನೋವರೆಗೆ ಕೇಳಿದ್ರು. ವೇಡ್ ಹೇಳಿದ್ದನ್ನ ನಾನು ಕೂಗಿದೆ ಅನ್ನೋ ಜಾಗಕ್ಕೆ ಬಂದಾಗ ಗುಜುಗುಜು ಎದ್ದಿತು. ಬನಿಯನ್ನಿನ ಬಣ್ಣದ ಮಾತಿಗೆ ಬಂದಾಗ ಡಾಯ್ಲ್ ಅಂಕಣದ ಮಧ್ಯಕ್ಕೇ ನಡ್ಕೊಂಡು ಬಂದ. 'ಸಾಕು ಮಾಡು ಆರ್ವಲ್' ಅಂದ. 'ಕಾಯಿಲೆ ಮನುಷ್ಯನ ಮರ್ಯಾದೆ ಎಲ್ಲರ ಮುಂದೆ ತೆಗೀತಿದೀಯಲ್ಲ, ನಿಂಗೆ ನಾಚಿಕೆ ಆಗಲ್ವಾ?' ಅವನ ಕಣ್ಣಲ್ಲಿ ನೀರಿತ್ತು ಲೋವೆಲ್, ನಾಟಕ ಅಲ್ಲ. ಆಮೇಲೆ ಮೇಲಿನ ಸಾಲುಗಳಿಂದ ಕೂಗು ಶುರು ಆಯ್ತು. ನಂಗೆ ನನ್ನ ಧ್ವನಿಯೇ ಕೇಳಿಸಲಿಲ್ಲ. ಆದ್ರೂ ಓದಿದೆ. ಕೊನೇ ಹಾಳೆವರೆಗೂ ಓದಿದೆ. ಯಾರಿಗೆ ಓದ್ತಿದೀನಿ ಅಂತ ನಂಗೇ ಗೊತ್ತಿರಲಿಲ್ಲ. ಆ ಕೂಗು ವೇಡ್‌ಗೆ ಮೂರು ತಿಂಗಳಿಂದ ದಿನಾ ಕೇಳಿಸಿದ್ದು. ನಂಗೆ ಕೇಳಿಸಿದ್ದು ನಾಲ್ಕೇ ನಿಮಿಷ.

ಎರಡು ಪಾಯಿಂಟಲ್ಲಿ ಸೋತ್ವಿ. ಎಲ್ಲರೂ ಹೋದ ಮೇಲೆ ವೇಡ್ ಹತ್ರ ಹೋದೆ. ಕುರ್ಚಿಗಳನ್ನ ಮಡಚಿ ಗೋಡೆಗೆ ಒರಗಿಸ್ತಿದ್ದ. ಏನು ಹೇಳ್ಬೇಕು ಅಂತ ಹತ್ತು ದಿನದಿಂದ ಯೋಚಿಸಿದ್ದೆ. ತಪ್ಪಾಯ್ತು ಅಂದೆ.

ಅವನು ಕುರ್ಚಿ ಮೇಲೆ ಕೈಯಿಟ್ಟು ನಿಂತ. 'ನೀವು ಓದಬಾರದಿತ್ತು ಆರ್ವಲ್ ಅವರೇ' ಅಂದ. 'ಅವರೇ ಓದು ಅಂದ್ರು ವೇಡ್' ಅಂದೆ. 'ಗೊತ್ತು. ಆದ್ರೆ ಇಡೀ ವರ್ಷ ನಂಗೆ ಅದೊಂದೇ ಇದ್ದಿದ್ದು. ಹೇಳಬಹುದಿತ್ತು, ಹೇಳಲಿಲ್ಲ ಅನ್ನೋದು. ದಿನಾ ಮನೆಗೆ ಹೋಗ್ತಾ ಅದನ್ನೇ ಹಿಡ್ಕೊಂಡು ಹೋಗ್ತಿದ್ದೆ. ಈಗ ಅದೂ ಇಲ್ಲ, ಅವರ ಹೆಸರೂ ಇಲ್ಲ. ಏನು ಸಿಕ್ತು ಹೇಳಿ ಯಾರಿಗಾದ್ರೂ?'

ಸಿಟ್ಟಿನಲ್ಲಿ ಹೇಳಲಿಲ್ಲ. ನಿಜವಾಗ್ಲೂ ಕೇಳಿದ, ಉತ್ತರಕ್ಕೆ ಕಾದ. ನಾನೊಂದು ಕುರ್ಚಿ ಎತ್ಕೊಂಡೆ. ಇಬ್ಬರೂ ಸೇರಿ ಉಳಿದ ಕುರ್ಚಿ ಮಡಚಿದ್ವಿ. ನಲವತ್ತಿದ್ದವು.

ಇವತ್ತು ಅಂಗಡಿ ತೆರೆದಿಲ್ಲ. ನಾಳೆ ತೆರೀಬೇಕು. ಅವರೇ ಬರ್ತಾರೆ, ಅದೇ ಮಾತಾಡ್ತಾರೆ. ಯಾರನ್ನ ತರ್ಬೇಕು ಅಂತ ಆಗಲೇ ಶುರು ಮಾಡಿದಾರೆ. ನಾನು ಏನು ಮಾಡಲಿ ಲೋವೆಲ್? ಬಂದವರ ತಲೆ ಕತ್ತರಿಸಿ ಕಳಿಸೋದು ಬಿಟ್ಟು ನಂಗೆ ಬೇರೆ ಕೆಲಸ ಬರಲ್ಲ.

ಆರ್ವಲ್

*

ಲಾಸ್ ಕ್ರೂಸಸ್
ಏಪ್ರಿಲ್ 2, 1986

ಆರ್ವಲ್,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಹಲವು ಸಲ ಕೂತೆ. ಏನು ಮಾಡಲಿ ಎಂದು ನೀನು ಕೇಳಿದ್ದೆ. ಜನ ಯಾವಾಗಲೂ ನನ್ನನ್ನು ಅದನ್ನೇ ಕೇಳುತ್ತಿದ್ದರು, ನಾನು ಯಾವಾಗಲೂ ಏನಾದರೂ ಹೇಳುತ್ತಿದ್ದೆ. ಈ ಸಲ ಇಲ್ಲಿ ನಡೆದದ್ದನ್ನಷ್ಟೇ ಬರೆಯುತ್ತೇನೆ.

ವೇಡ್ ಬಂದಿದ್ದ. ಹೇಳದೆ ಕೇಳದೆ, ಎರಡು ದಿನ ಕಾರು ಓಡಿಸಿಕೊಂಡು ಒಬ್ಬನೇ. ಮಾರ್ಲಾ ಇಲಿನಾಯ್‌ನಲ್ಲಿ ತಾಯಿಯ ಮನೆಗೆ ಹೋಗಿದ್ದಾಳಂತೆ. ಅಲ್ಲೇ ಒಂದು ಹೈಸ್ಕೂಲಿನಲ್ಲಿ ಅವನಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿದೆ. ಬಾಗಿಲಲ್ಲಿ ಅವನನ್ನು ನೋಡಿದಾಗ ಏಳಲು ಹೋಗಿ ಬಿದ್ದೆ. ಅವನೇ ಎತ್ತಿ ಕೂರಿಸಿದ. ನನ್ನ ಮಾತು ಜಾಯ್ಸ್‌ಗೂ ಅರ್ಧ ತಿಳಿಯುವುದಿಲ್ಲ. ಅವನಿಗೆ ಪೂರ್ತಿ ತಿಳಿಯಿತು.

ನಾನು ಕ್ಷಮೆ ಕೇಳಿದೆ. ಆಗಲಿ ಕೋಚ್ ಎಂದ. ಅಷ್ಟು ಸಲೀಸಾಗಿ ಎಂದುಬಿಟ್ಟ, ಅದು ಕ್ಷಮೆಯೋ ದಣಿವೋ ನನಗೆ ಹೇಳಲಾಗದು.

ಮರುದಿನ ಅವನನ್ನು ಬೇಡಿದೆ. ಆ ಹೈಸ್ಕೂಲಿನಲ್ಲಿ ತಂಡ ಇದೆಯಲ್ಲ, ಅದನ್ನು ತೆಗೆದುಕೊ ಎಂದೆ. ಬೇಡ ಎಂದ. ಚಿಕ್ಕ ಹುಡುಗರದ್ದಾದರೂ ತೆಗೆದುಕೊ, ನಿನ್ನಷ್ಟು ಆಟ ಕಂಡವನನ್ನು ನಾನು ನೋಡಿಲ್ಲ ಎಂದೆ. ಅದಕ್ಕೆ ಅವನು ಹೇಳಿದ: 'ಈಗ ಕಾಣಲ್ಲ ಕೋಚ್. ಮೊದಲು ಹತ್ತು ಜನ ಎಲ್ಲೆಲ್ಲಿ ಓಡ್ತಾರೆ ಅಂತ ಓಡೋಕೆ ಮುಂಚೆ ಕಾಣ್ತಿತ್ತು. ಡಿಸೆಂಬರಲ್ಲಿ ಒಂದು ದಿನ ನೋಡ್ತೀನಿ, ಏನೂ ಕಾಣ್ತಿಲ್ಲ. ಹಿಂದೆ ಕೂತವರು ಕೇಳಿಸ್ತಾರೆ, ಅಷ್ಟೇ.' ನನಗೆ ಹೋದದ್ದು ಕಾಯಿಲೆಯಿಂದ. ಇಪ್ಪತ್ತೊಂಬತ್ತರ ಹುಡುಗನಿಗೆ ಹೋದದ್ದಕ್ಕೆ ಏನೆಂದು ಹೆಸರಿಡಲಿ.

ಸೋಮವಾರ ಸಂಜೆ ಟೀವಿಯಲ್ಲಿ ದೇಶದ ಕಾಲೇಜುಗಳ ಫೈನಲ್ ಇತ್ತು. ಹಿಂದೆಲ್ಲ ಆ ಸಂಜೆ ಅವನು ನನ್ನ ಮನೆಗೆ ಬರುತ್ತಿದ್ದ, ಪ್ರತಿ ಎಸೆತಕ್ಕೂ ಮುಂಚೆ ಏನಾಗುತ್ತದೆಂದು ಹೇಳುತ್ತಿದ್ದ. ಜಾಯ್ಸ್ ಟೀವಿ ಹಾಕಿದಳು. ಅವನು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತ. ನಮ್ಮ ಅಡುಗೆಮನೆಗೆ ಬಾಗಿಲಿಲ್ಲ, ನಲ್ಲಿಯ ಹತ್ತಿರ ನಿಂತವನು ತಿರುಗಿದರೆ ಟೀವಿ ಕಾಣುತ್ತದೆ. ಮೂರು ಜನ ಊಟ ಮಾಡಿದ ತಟ್ಟೆಗಳು, ಅದಕ್ಕೆ ಎಷ್ಟು ಹೊತ್ತು ಬೇಕು. ಅವು ಮುಗಿದ ಮೇಲೆ ಕಪಾಟಿನಲ್ಲಿದ್ದ ತೊಳೆದ ಪಾತ್ರೆಗಳನ್ನೂ ಇಳಿಸಿಕೊಂಡು ತೊಳೆದ.

ಕೊನೆಯ ನಿಮಿಷಗಳಲ್ಲಿ ಆಟ ಸಮಸಮ ಇತ್ತು. ಎಡಗೈಯಲ್ಲಿ ಒದ್ದಾಡಿ ಶಬ್ದ ಹೆಚ್ಚಿಸಿದೆ, ಒಂದು ಸಲ ತಿರುಗಲಿ ಎಂದು. ಜನ ಕೂಗುತ್ತಿದ್ದರು. ಅವನು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟ. ಅವನ ಬೆನ್ನು ನೋಡುತ್ತ ನಾನು ಆಟವನ್ನೇ ನೋಡಲಿಲ್ಲ.

ಮುಗಿದ ಮೇಲೆ ಕೈ ಒರೆಸಿಕೊಂಡು ಬಂದ. ಆ ದೊಡ್ಡ ಬಾಣಲೆ ಎಲ್ಲಿಡೋದು ಎಂದು ಜಾಯ್ಸ್‌ಳನ್ನು ಕೇಳಿದ. ಬೆಳಿಗ್ಗೆ ಬೇಗ ಹೊರಡಬೇಕು ಎಂದು ನನಗೆ ಕಂಬಳಿ ಹೊದಿಸಿ ಮಲಗಲು ಹೋದ.

ಯಾರು ಗೆದ್ದರು ಎಂದು ಕೇಳಲಿಲ್ಲ.

ಲೋವೆಲ್